ಶ್ರೀಮತಿ ಉಮಾಬಾಯಿ ಕುಂದಾಪುರ

ಹೆಣ್ಣುಮಕ್ಕಳ ಶಾಲೆಯೊಂದರ ಬಾಗಿಲಿಗೆ ಸರ್ಕಾರದವರೇ ಬೀಗವನ್ನು ಹಾಕಿ ಮೊಹರು ಮಾಡಿದರೆಂದು ಕೇಳಿದರೆ, ಆ ಶಾಲೆಯಲ್ಲಿ ಯಾವುದೋ ಘೋರವಾದ ಅಪರಾಧವು ನಡೆದಿರಬೇಕೆಂದು ನಾವು ಭಾವಿಸುವೆವು. ಆದರೆ ೧೯೩೨ನೆಯ ಇಸವಿಯಲ್ಲಿ ಹುಬ್ಬಳ್ಳಿಯ ತಿಲಕ ಕನ್ಯಾಶಾಲೆಗೆ ಇಂತಹ ಗತಿಯು ಒದಗಿದಾಗ, ಅದಕ್ಕೆ ಕಾರಣವಾದ ಅಪರಾಧವು ಇಷ್ಟೇ: ಆ ಶಾಲೆಯನ್ನು ನಡೆಯಿಸುತ್ತಿದ್ದ ವಿಧವೆಯೊಬ್ಬರು, ಕೈಯಲ್ಲಿ ಆಯುಧವಿಲ್ಲದೆ, ಮನಸ್ಸಿನಲ್ಲಿ ದ್ವೇಷವಿಲ್ಲದೆ, ಅನ್ಯಾಯವನ್ನು ಅನ್ಯಾಯವೆಂದು ಬಹಿರಂಗವಾಗಿ ನಡೆದು ತೋರಿಸಿದ್ದರು. ಆ ಮಹನೀಯಳೇ ಶ್ರೀಮತಿ ಉಮಾಬಾಯಿ ಕುಂದಾಪುರ. ಕತ್ತಲಗೆರೆಯ ನೆಲದಲ್ಲಿ ಆಡಿ ಬೆಳೆದು, ಶಾಲೆಯ ಗಂಟೆಯ ನಾದಕ್ಕೆ ಓಡಿ ಬಂದು, ಅಕ್ಷರವನ್ನು ಕಲಿತು, ಈಗ ತಮ್ಮ ಮನೆಗಳಲ್ಲಿಯೂ ಉದ್ಯೋಗಗಳಲ್ಲಿಯೂ ನೆಲೆಸಿರುವ ನಮ್ಮ ಸಹೋದರಿಯರಿಗೂ, ಮಕ್ಕಳನ್ನು ನಂಬಿ ಶಾಲೆಗೆ ಕಳುಹುವ ತಂದೆತಾಯಂದಿರಿಗೂ, ಶಾಲೆಯೊಂದನ್ನು ಕಳೆದುಕೊಂಡೂ ಧೃತಿಗೆಡದ ಈ ಸ್ತ್ರೀರತ್ನದ ಚರಿತ್ರೆಯು ಬೋಧಪ್ರದವಾಗುವುದೆಂದು ನಂಬಿ ಇಲ್ಲಿ ಅದನ್ನು ಸಂಗ್ರಹವಾಗಿ ಬರೆಯುತ್ತೇವೆ.

ಉಮಾಬಾಯಿಯವರು ೧೮೯೨ನೆಯ ಇಸವಿಯಲ್ಲಿ ಮಂಗಳೂರಿನಲ್ಲಿ ಹುಟ್ಟಿದರು. ತಂದೆಯ ಹೆಸರು ಗೋಳಿಕೇರಿ ಕೃಷ್ಣರಾಯರು. ತವರುಮನೆಯಲ್ಲಿ ಆಕೆಗೆ ಭವಾನಿಯೆಂದು ಹೆಸರಿಟ್ಟಿದ್ದರು. ಕುಟುಂಬವು ಮುಂಬಯಿಗೆ ಹೋಗಿ ನೆಲೆಸಿತು. ಅಂದಿನ ರೂಢಿಯಂತೆ ಬಾಲ್ಯದಲ್ಲಿಯೇ ಆಕೆಯ ವಿವಾಹವು ಸಂಜೀವರಾವ್ ಕುಂದಾಪುರ ಅವರೊಡನೆ ನಡೆಯಿತು. ಭವಾನಿಯು ಉಮಾಬಾಯಿಯಾದಳು. ಹೆಣ್ಣಿಗೆ ಮದುವೆಯಾದ ದಿನವೇ ಪುಸ್ತಕದ ಋಣವು ತೀರಿತೆಂದು ಜನರು ತಿಳಿಯುತ್ತಿದ್ದ ಕಾಲವದು. ಆದರೆ ದೈವಾನುಗ್ರಹದಿಂದ ಆಕೆಯ ಮಾವನವರಾದ ಆನಂದರಾವ್ ಕುಂದಾಪುರ ಅವರು ಬೇರೆ ಬಗೆಯ ಮನುಷ್ಯರಾಗಿದ್ದರು. ಸೊಸೆಯು ಅಡಿಗೆಮನೆಯಲ್ಲಿ ನಿಪುಣೆಯಾದರೆ ಸಾಕೆಂದು ಅವರು ಎಣಿಸಲಿಲ್ಲ. ಸ್ತ್ರೀಯರು ಮುಂದೆ ಬಾರದೆ ದೇಶವು ಮುಂದೆ ಬಾರದೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ಅವರ ಪ್ರೋತ್ಸಾಹದಿಂದ ಉಮಾಬಾಯಿಯವರು ಮದುವೆಯ ತರುವಾಯವೂ ವ್ಯಾಸಂಗವನ್ನು ಮುಂದುವರಿಸಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ತಾವು ಕಲಿತದ್ದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳದೆ, ಮಾವನವರೊಡನೆ ಕೂಡಿ ಮುಂಬಯಿಯ ಸ್ತ್ರೀಯರಿಗೆ ಪಾಠ ಹೇಳುವ ಕೆಲಸಕ್ಕೂ ತೊಡಗಿದರು. ಒಬ್ಬ ಹಿರಿಯನ ಸದ್ಬುದ್ಧಿಯು ಒಂದು ಹೆಣ್ಣಿನ ಬಾಳನ್ನು ಎಷ್ಟು ದೂರ ಕೊಂಡೊಯ್ಯಬಲ್ಲುದೆಂಬುದಕ್ಕೆ ಇದೊಂದು ನಿದರ್ಶನವು.

೧೯೨೦ನೆಯ ಇಸವಿ ಆಗಸ್ಟ್ ೧ನೆಯ ತಾರೀಖು ಲೋಕಮಾನ್ಯ ತಿಲಕರು ಮುಂಬಯಿಯಲ್ಲಿ ಕಾಲವಾದರು. ಅವರ ಅಂತ್ಯಯಾತ್ರೆಯಲ್ಲಿ ಜನಸಾಗರವೇ ಹರಿಯಿತು. ಆ ದೃಶ್ಯವು ಉಮಾಬಾಯಿಯವರ ಮನಸ್ಸಿನ ಮೇಲೆ ಅಳಿಯದ ಮುದ್ರೆಯನ್ನೊತ್ತಿತು. ಅವರು ಕಾಂಗ್ರೆಸ್ಸಿನ ಕಾರ್ಯಕ್ಕೆ ಒಲಿದರು, ಖಾದಿಯನ್ನುಟ್ಟರು, ಮನೆಮನೆಗೆ ಹೋಗಿ ಇತರ ಸ್ತ್ರೀಯರಿಗೂ ಖಾದಿಯ ವ್ರತವನ್ನು ಬೋಧಿಸಿದರು. ಇನ್ನೂ ತಾರುಣ್ಯವು ಕಳೆಯುವುದಕ್ಕೆ ಮುಂಚೆಯೇ ಅವರಿಗೆ ವೈಧವ್ಯವು ಪ್ರಾಪ್ತವಾಯಿತು. ಅಂದಿನ ವಿಧವೆಯ ಪಾಡನ್ನು ನಮ್ಮ ಅಜ್ಜಿಯರಿಂದ ಕೇಳಿದವರು ಬಲ್ಲರು. ಶುಭಕಾರ್ಯದಲ್ಲಿ ಆಕೆಯ ಮುಖದರ್ಶನವಾಗಬಾರದು. ಬೀದಿಯಲ್ಲಿ ಎದುರಾದರೆ ಅಪಶಕುನವು. ಮನೆಯ ಹಿಂದಿನ ಕೋಣೆಯೇ ಆಕೆಗೆ ಲೋಕವು. ಉಮಾಬಾಯಿಯವರನ್ನು ಆ ಕತ್ತಲೆಗೆ ತಳ್ಳುವುದಕ್ಕೆ ಆನಂದರಾಯರು ಒಪ್ಪಲಿಲ್ಲ. ಅವರು ಸೊಸೆಯನ್ನು ಮಗಳಂತೆ ಕಂಡು, ಆಕೆಯೊಡನೆ ಹುಬ್ಬಳ್ಳಿಗೆ ಬಂದು ನೆಲೆಸಿದರು. ತಮ್ಮ ದುಃಖವನ್ನು ದೇಶದ ದುಃಖದಲ್ಲಿ ಕರಗಿಸುವ ದಾರಿಯನ್ನು ಉಮಾಬಾಯಿಯವರು ಅಲ್ಲಿ ಕಂಡುಕೊಂಡರು.

ಹುಬ್ಬಳ್ಳಿಯಲ್ಲಿ ಆನಂದರಾಯರು ಕರ್ನಾಟಕ ಪ್ರೆಸ್ ಎಂಬ ಮುದ್ರಣಾಲಯವನ್ನು ಸ್ಥಾಪಿಸಿದರು. ಹೆಣ್ಣುಮಕ್ಕಳಿಗಾಗಿ ತಿಲಕ ಕನ್ಯಾಶಾಲೆಯನ್ನೂ ತೆರೆದರು. ಶಾಲೆಯ ಭಾರವು ಉಮಾಬಾಯಿಯವರ ಹೆಗಲಿಗೆ ಬಂದಿತು. ಇದಲ್ಲದೆ ಅವರು ಭಗಿನೀ ಮಂಡಲವೆಂಬ ಸ್ತ್ರೀಯರ ಸಂಘವನ್ನು ಕಟ್ಟಿದರು. ಮನೆಯ ಹೊಸಿಲನ್ನು ದಾಟದ ಸ್ತ್ರೀಯರು ಅಲ್ಲಿ ಒಂದೆಡೆ ಕುಳಿತು ಓದುವುದನ್ನೂ, ಮಾತನಾಡುವುದನ್ನೂ, ಒಬ್ಬರಿಗೊಬ್ಬರು ಆಸರೆಯಾಗುವುದನ್ನೂ ಕಲಿತರು. ಸ್ತ್ರೀಯರು ಒಂದೆಡೆ ಸೇರಿ ಲೋಕದ ಸಂಗತಿಯನ್ನು ವಿಚಾರಿಸುವುದೆಂದರೆ ಆಗ ಸಣ್ಣ ಮಾತಲ್ಲ. ಮೊದಲು ಮನೆಯವರ ಅಪ್ಪಣೆಯಾಗಬೇಕು. ತರುವಾಯ ನೆರೆಹೊರೆಯವರ ನಿಂದೆಯನ್ನು ಸಹಿಸಬೇಕು. ಇವೆರಡನ್ನೂ ದಾಟಿ ಬಂದವರಿಗೆ ಮುಂದೆ ಪೊಲೀಸಿನವರ ಎದುರು ನಿಲ್ಲುವುದು ಅಷ್ಟೊಂದು ಕಷ್ಟವಾಗಿ ತೋರದೆ ಇದ್ದುದು ಸಹಜವೇ.

ಅದೇ ಊರಿನಲ್ಲಿ ಡಾಕ್ಟರ್ ನಾ. ಸು. ಹರ್ಡೀಕರ್ ಅವರು ತರುಣರ ಸೇವಾಮಂಡಲವೊಂದನ್ನು ನಡೆಯಿಸುತ್ತಿದ್ದರು. ೧೯೨೩ನೆಯ ಇಸವಿಯಲ್ಲಿ ನಾಗಪುರದಲ್ಲಿ ರಾಷ್ಟ್ರಧ್ವಜವನ್ನು ಹಿಡಿದು ಮೆರವಣಿಗೆ ಹೋಗಬಾರದೆಂದು ಸರ್ಕಾರದವರು ತಡೆದರು. ಒಂದು ಬಟ್ಟೆಯ ತುಂಡನ್ನು ಹಿಡಿದು ಶಾಂತವಾಗಿ ಬೀದಿಯಲ್ಲಿ ನಡೆಯುವ ಅಧಿಕಾರವು ಪ್ರಜೆಗಳಿಗೆ ಉಂಟೋ ಇಲ್ಲವೋ ಎಂಬುದೇ ಅಲ್ಲಿ ಎದ್ದ ಪ್ರಶ್ನೆಯು. ನಾನಾ ಪ್ರಾಂತಗಳಿಂದ ಸ್ವಯಂಸೇವಕರು ಬಂದು ಸೆರೆಯಾದರು. ಹರ್ಡೀಕರರೂ ಅವರ ಹುಬ್ಬಳ್ಳಿಯ ಸಂಗಡಿಗರೂ ಸೆರೆಮನೆಯ ಕಷ್ಟಕ್ಕೆ ಅಂಜಿ ಕ್ಷಮಾಪಣೆಯನ್ನು ಬರೆದುಕೊಡದೆ, ವಿಧಿಸಿದ ಶಿಕ್ಷೆಯನ್ನು ಪೂರ್ತಿಯಾಗಿ ಅನುಭವಿಸಿ ಹೊರಬಂದರು. ಶಿಸ್ತಿಲ್ಲದ ಗುಂಪು ಒಂದು ಕಲ್ಲೆಸೆದರೂ ಸಾಕು, ಸರ್ಕಾರಕ್ಕೆ ಲಾಠಿಯೆತ್ತಲು ನೆವ ಸಿಕ್ಕುವುದು. ಆದುದರಿಂದ ಶಾಂತಿಯುತವಾದ ಪ್ರತಿಭಟನೆಗೆ ಸೈನಿಕನಿಗಿಂತಲೂ ಹೆಚ್ಚಿನ ಶಿಕ್ಷಣವು ಬೇಕು. ಈ ತತ್ವದ ಮೇಲೆ ಅದೇ ವರುಷದ ಕಾಕಿನಾಡ ಕಾಂಗ್ರೆಸ್ಸಿನ ಕಾಲದಲ್ಲಿ ಹಿಂದೂಸ್ಥಾನೀ ಸೇವಾದಳವು ಹುಟ್ಟಿತು. ಅದರ ಸ್ತ್ರೀವಿಭಾಗದ ಮುಂದಾಳುತನವನ್ನು ಉಮಾಬಾಯಿಯವರು ವಹಿಸಿದರು.

ಮರುವರುಷವೇ ಅವರ ಶಕ್ತಿಗೆ ತಕ್ಕ ಪರೀಕ್ಷೆಯು ಬಂದಿತು. ೧೯೨೪ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನವು ಕೂಡಿತು. ಮಹಾತ್ಮಾ ಗಾಂಧಿಯವರು ತಮ್ಮ ಜೀವಮಾನದಲ್ಲಿ ಅಧ್ಯಕ್ಷತೆಯನ್ನು ವಹಿಸಿದ ಏಕಮಾತ್ರ ಅಧಿವೇಶನವದು. ಆ ಮಹಾಸಭೆಯ ಸೇವೆಗಾಗಿ ಉಮಾಬಾಯಿಯವರು ಕರ್ನಾಟಕದ ಊರೂರುಗಳನ್ನು ಸುತ್ತಿ ೧೫೦ಕ್ಕೂ ಹೆಚ್ಚು ಸ್ತ್ರೀಯರನ್ನು ಸ್ವಯಂಸೇವಕಿಯರನ್ನಾಗಿ ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರೆಂಬುದು ವಿಶೇಷವಾಗಿ ನೆನಪಿಡತಕ್ಕ ಸಂಗತಿಯು. ಯಾರ ಮುಖವನ್ನು ನೋಡುವುದು ಅಮಂಗಳವೆಂದು ಸಮಾಜವು ಹೇಳುತ್ತಿತ್ತೋ ಅವರೇ ದೇಶದ ಅತಿಥಿಗಳನ್ನು ಎದುರುಗೊಂಡು ಉಪಚರಿಸಿದರು. ತಾವೂ ವಿಧವೆಯಾಗಿದ್ದ ಉಮಾಬಾಯಿಯವರು ಕರೆದುದರಿಂದಲೇ ಆ ತಾಯಂದಿರಿಗೆ ಧೈರ್ಯವು ಹುಟ್ಟಿತೆಂದು ನಾವು ಊಹಿಸಬಹುದು. ಅವರು ಯಾರಿಗೂ ಉಪದೇಶವನ್ನು ಮಾತ್ರ ಕೊಟ್ಟು ಹಿಂದೆ ನಿಂತವರಲ್ಲ. ತಾವು ನಡೆದ ದಾರಿಗೇ ಇತರರನ್ನು ಕರೆದವರು.

೧೯೩೦ನೆಯ ಇಸವಿಯಲ್ಲಿ ಉಪ್ಪಿನ ಸತ್ಯಾಗ್ರಹವು ಆರಂಭವಾಯಿತು. ಕರ್ನಾಟಕದಲ್ಲಿ ಏಪ್ರಿಲ್ ೧೩ನೆಯ ತಾರೀಖು ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಮುಂದೆ ಅಂಕೋಲೆ, ಸಿದ್ದಾಪುರ, ಹಿರೇಕೆರೂರು ತಾಲ್ಲೂಕುಗಳ ರೈತರು ಕಂದಾಯವನ್ನು ಕೊಡದೆ ಪ್ರತಿಭಟಿಸಿದರು. ಹಿರೇಕೆರೂರೆಂಬುದು ನಮಗೆ ದೂರದ ಊರಲ್ಲ; ನಮ್ಮ ಹೊನ್ನಾಳಿಯ ಸೀಮೆಗೆ ತಾಗಿಕೊಂಡ ತಾಲ್ಲೂಕು. ಆದರೆ ಆಗ ಗಡಿಯ ಈಚೆಗೆ ಮೈಸೂರು ಮಹಾರಾಜರ ಆಡಳಿತವು, ಆಚೆಗೆ ಮುಂಬಯಿ ಇಲಾಖೆಯ ಬ್ರಿಟಿಷ್ ಆಡಳಿತವು. ಒಂದೇ ಭಾಷೆಯನ್ನಾಡುವ ಒಂದೇ ಬಗೆಯ ರೈತರಲ್ಲಿ ಗಡಿಯಾಚೆಯವರ ಹೊಲಮನೆಗಳೂ ದನಕರುಗಳೂ ಪಾತ್ರೆಪದಾರ್ಥಗಳೂ ಜಪ್ತಿಯಾಗಿ ಹರಾಜಿಗೆ ಬಂದುವು. ಸಿದ್ದಾಪುರದ ಕಡೆಯ ಮಾವಿನಗುಂಡಿಯಲ್ಲಿ ಸ್ತ್ರೀಯರು ಯಾರ ಮೇಲೂ ಕೈಯೆತ್ತದೆ, ಜಪ್ತಿಯಾದ ಸ್ವತ್ತನ್ನು ಕೊಂಡವರೆದುರಿಗೆ ಉಪವಾಸ ಕುಳಿತು ಅವರ ಮನಸ್ಸಾಕ್ಷಿಯನ್ನು ಎಚ್ಚರಿಸಲು ಯತ್ನಿಸಿದರು.

೧೯೩೨ನೆಯ ಇಸವಿ ಜನವರಿ ೪ನೆಯ ತಾರೀಖು ಗಾಂಧಿಯವರನ್ನು ಸೆರೆಹಿಡಿದರು. ಅದೇ ದಿನ ವಿಶೇಷ ಶಾಸನಗಳನ್ನು ಒಟ್ಟಿಗೆ ಹೊರಡಿಸಿದರು. ಇವುಗಳ ರೀತಿಯನ್ನು ಸ್ವಲ್ಪ ತಿಳಿಯುವುದು ಅವಶ್ಯವು. ಸಾಮಾನ್ಯವಾಗಿ ಒಬ್ಬ ಮನುಷ್ಯನು ತಪ್ಪು ಮಾಡಿದರೆ ಅವನ ತಪ್ಪನ್ನು ನ್ಯಾಯಸ್ಥಾನದಲ್ಲಿ ಸ್ಥಾಪಿಸಿ ಅವನನ್ನು ಶಿಕ್ಷಿಸುವುದು ಧರ್ಮವು. ಆದರೆ ಈ ಶಾಸನಗಳ ಪ್ರಕಾರ ಸರ್ಕಾರದವರು ಒಂದು ಸಂಘವನ್ನು ಕಾಯಿದೆಗೆ ವಿರುದ್ಧವಾದುದೆಂದು ಸಾರಿಬಿಟ್ಟರೆ ಸಾಕು. ಅದರ ಸದಸ್ಯರಾಗಿರುವುದೇ ಅಪರಾಧವಾಗುತ್ತಿತ್ತು. ಅದರ ಕಟ್ಟಡಗಳನ್ನೂ ಹಣವನ್ನೂ ಸರ್ಕಾರವು ವಶಪಡಿಸಿಕೊಳ್ಳಬಹುದಾಗಿತ್ತು. ಮುದ್ರಣಾಲಯಗಳ ಮೇಲೆ ಹಿಂದಿನ ವರುಷವೇ ಕಠಿನವಾದ ಶಾಸನವು ಬಂದಿತ್ತು. ಸರ್ಕಾರಕ್ಕೆ ಒಪ್ಪದ ಬರಹವು ಅಚ್ಚಾದರೆ ಯಜಮಾನನು ಕಟ್ಟಿದ ಜಾಮೀನಿನ ಹಣವೂ ಯಂತ್ರವೂ ಹೋಗುತ್ತಿದ್ದುವು. ಹೀಗೆ ದಂಡನೆಯು ಪ್ರತಿಭಟಿಸಿದವನ ಬೆನ್ನಿಗೆ ಮಾತ್ರ ಬೀಳದೆ, ಅವನ ಅನ್ನದ ಮೇಲೂ, ಅವನ ನೆರೆಯವರ ಮಕ್ಕಳ ಪಾಠದ ಮೇಲೂ ಬಿದ್ದಿತು. ಹಿಂದೂಸ್ಥಾನೀ ಸೇವಾದಳವೂ ಕಾಯಿದೆಗೆ ವಿರುದ್ಧವಾದ ಸಂಸ್ಥೆಗಳ ಪಟ್ಟಿಯಲ್ಲಿ ಸೇರಿತು.

ಆ ವರುಷವೇ ಉಮಾಬಾಯಿಯವರನ್ನು ಸೆರೆಹಿಡಿದು, ಪುಣೆಯ ಬಳಿಯ ಯರವಡೆಯ ಕಾರಾಗೃಹದಲ್ಲಿ ನಾಲ್ಕು ತಿಂಗಳು ಇರಿಸಿದರು. ಸೆರೆಯ ಕಷ್ಟವು ಅವರನ್ನು ಅಷ್ಟಾಗಿ ಬಾಧಿಸಲಿಲ್ಲ. ಆದರೆ ಅವರು ಒಳಗಿರುವಾಗಲೇ ಮಾವನವರಾದ ಆನಂದರಾಯರು ತೀರಿಕೊಂಡರೆಂಬ ವಾರ್ತೆಯು ಬಂದಿತು. ತಂದೆಗಿಂತ ಹೆಚ್ಚಾಗಿ ತಮ್ಮನ್ನು ಸಾಕಿ, ಓದಿಸಿ, ವೈಧವ್ಯದಲ್ಲಿ ಕೈಹಿಡಿದು ನಡೆಸಿದ ಆ ಹಿರಿಯರ ಕಡೆಯ ಕಾಲದಲ್ಲಿ ಬಾಯಿಗೆ ನೀರು ಬಿಡುವ ಭಾಗ್ಯವೂ ಅವರಿಗೆ ಇಲ್ಲವಾಯಿತು. ಅದೇ ಕಾರಾಗೃಹದಲ್ಲಿದ್ದ ಶ್ರೀಮತಿ ಸರೋಜಿನೀ ನಾಯ್ಡು ಅವರು ತಾಯಿಯಂತೆ ಬಳಿಯಲ್ಲಿದ್ದು ಅವರನ್ನು ಸಂತೈಸಿದರು. ಸೆರೆಮನೆಯ ಗೋಡೆಯೊಳಗೆ ಭಾರತದ ನಾನಾ ಮೂಲೆಗಳ ಸ್ತ್ರೀಯರು ಹೀಗೆ ಒಂದೇ ಮನೆಯವರಾದರು.

ಬಿಡುಗಡೆಯಾಗಿ ಹುಬ್ಬಳ್ಳಿಗೆ ಮರಳಿದಾಗ ಉಮಾಬಾಯಿಯವರು ಕಂಡುದೇನು? ಮಾವನವರಿಲ್ಲದ ಮನೆಯು, ಸರ್ಕಾರದ ವಶವಾದ ಮುದ್ರಣಾಲಯವು, ಕಾಯಿದೆಗೆ ವಿರುದ್ಧವೆಂದು ಸಾರಲ್ಪಟ್ಟ ಭಗಿನೀ ಮಂಡಲವು, ಮೊಹರು ಬಿದ್ದ ಕನ್ಯಾಶಾಲೆಯು. ಅಕ್ಷರ ತಿದ್ದುವ ಮಕ್ಕಳಿಂದ ಯಾವ ಸಾಮ್ರಾಜ್ಯಕ್ಕೆ ಯಾವ ಅಪಾಯವಿದ್ದಿತೆಂಬುದನ್ನು ಯಾರು ಹೇಳಬಲ್ಲರು? ಮೊಹರು ಹಾಕುವವನ ಕೈಗೆ ಅದು ಗಳಿಗೆಯ ಕೆಲಸವು. ಆದರೆ ಊರಿನ ತಂದೆತಾಯಂದಿರ ಮನಸ್ಸನ್ನು ಒಲಿಸಿ, ಒಂದೊಂದು ಮನೆಯಿಂದ ಒಂದೊಂದು ಹುಡುಗಿಯನ್ನು ಕರೆತಂದು ಕೂರಿಸಲು ವರುಷಗಳೇ ಬೇಕಾಗುವುವು. ಆ ಶ್ರಮವೇನೆಂಬುದನ್ನು ಶಾಲೆಯನ್ನು ನಡೆಯಿಸಿದವರು ಬಲ್ಲರು.

ಇಲ್ಲಿ ನಾವು ನಮ್ಮ ಕಡೆಗೂ ತಿರುಗಿ ನೋಡಬೇಕು. ಆ ದಿನಗಳಲ್ಲಿ ಕ್ರೈಸ್ತ ಮಿಶನ್ನಿನ ಶಾಲೆಗಳು ಸಾಮಾನ್ಯವಾಗಿ ಸರ್ಕಾರದ ಸಹಾಯಧನವನ್ನು ಪಡೆಯುತ್ತಿದ್ದುವು. ರಾಜಕೀಯದಿಂದ ದೂರವಿರುವುದೇ ಅವುಗಳಲ್ಲಿ ಬಹುಪಾಲಿನ ನಿಯಮವಾಗಿತ್ತು. ಆದುದರಿಂದ ಅವುಗಳ ಗಂಟೆಯು ನಿಲ್ಲಲಿಲ್ಲ. ಅವು ಹೆಣ್ಣುಮಕ್ಕಳಿಗೆ ಮಾಡಿದ ಉಪಕಾರವು ದೊಡ್ಡದು. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೂ ಒಂದು ಶಾಲೆಯ ಬಾಗಿಲು ತೆರೆದಿದ್ದು ಮತ್ತೊಂದು ಶಾಲೆಯ ಬಾಗಿಲು ಮುಚ್ಚಿದಾಗ, ತೆರೆದ ಬಾಗಿಲಿನೊಳಗೆ ಕುಳಿತವರು ಮುಚ್ಚಿದ ಬಾಗಿಲಿನ ಹೊರಗೆ ನಿಂತ ಮಕ್ಕಳನ್ನು ಮರೆಯಬಾರದು. ನೆರೆಯವನು ಯಾರೆಂಬ ಪ್ರಶ್ನೆಗೆ ಒಳ್ಳೆಯ ಸಮಾರ್ಯದವನ ಸಾಮ್ಯವು ಕೊಟ್ಟ ಉತ್ತರವನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವಷ್ಟೆ. ಆ ಉತ್ತರದ ಪ್ರಕಾರ ತಿಲಕ ಕನ್ಯಾಶಾಲೆಯ ಬಾಲಿಕೆಯರೂ ನಮ್ಮ ನೆರೆಯವರೇ.

ಉಮಾಬಾಯಿಯವರು ಅತ್ತು ಕೂರಲಿಲ್ಲ. ಸೇಡಿನ ಮಾತನ್ನೂ ಎತ್ತಲಿಲ್ಲ. ಅವರಿಗೆ ಉಳಿದದ್ದು ಒಂದು ಚಿಕ್ಕ ಮನೆಯು. ಅದನ್ನೇ ಅವರು ಆಶ್ರಯಸ್ಥಾನವನ್ನಾಗಿ ಮಾಡಿದರು. ಕರನಿರಾಕರಣೆಯಲ್ಲಿಯೂ ಸತ್ಯಾಗ್ರಹದಲ್ಲಿಯೂ ಸೆರೆಗೆ ಹೋಗಿದ್ದ ಅನೇಕ ಸ್ತ್ರೀಯರು ಬಿಡುಗಡೆಯಾಗಿ ಬಂದಾಗ ಅವರಿಗೆ ಹೋಗಲು ಸ್ಥಳವಿರಲಿಲ್ಲ. ಕೆಲವರ ಮನೆಗಳು ಜಪ್ತಿಯಾಗಿದ್ದುವು. ಸೆರೆಮನೆಯ ಅನ್ನವನ್ನುಂಡವಳೆಂದು ಬಂಧುಗಳೇ ದೂರ ಸರಿಯುವ ಭಯವೂ ಇತ್ತು. ಕೈಯಲ್ಲಿ ಕಾಸಿಲ್ಲದೆ, ಊರಿಗೆ ಹೋಗುವ ದಾರಿಯ ಖರ್ಚಿಗೂ ಗತಿಯಿಲ್ಲದೆ ಬಂದ ಆ ಸೋದರಿಯರಿಗೆ ಉಮಾಬಾಯಿಯವರ ಬಾಗಿಲು ಹಗಲಿರುಳು ತೆರೆದಿತ್ತು. ಅನ್ನವನ್ನಿಕ್ಕಿ, ಬಟ್ಟೆಯನ್ನು ಕೊಟ್ಟು, ಧೈರ್ಯವನ್ನು ಹೇಳಿ ಅವರನ್ನು ಕಳುಹುತ್ತಿದ್ದರು. ಸರ್ಕಾರವು ಶಾಲೆಗೆ ಮೊಹರು ಹಾಕಬಲ್ಲುದಾಗಿತ್ತು. ಆದರೆ ಆ ತಾಯಿಯ ಒಲೆಗೆ ಮೊಹರು ಹಾಕಲು ಅದರಿಂದಾಗಲಿಲ್ಲ. ಪ್ರತಿಭಟನೆಯೆಂದರೆ ಬೀದಿಯಲ್ಲಿ ಧ್ವಜ ಹಿಡಿದು ನಡೆಯುವುದು ಮಾತ್ರವೆಂದು ತಿಳಿಯಬಾರದು. ನಡೆದು ದಣಿದು ಬಂದವರಿಗೆ ಒಂದು ತುತ್ತು ಅನ್ನವಿಲ್ಲದಿದ್ದರೆ ಯಾವ ಪ್ರತಿಭಟನೆಯೂ ಒಂದು ತಿಂಗಳು ನಿಲ್ಲಲಾರದು.

೧೯೩೪ನೆಯ ಇಸವಿ ಜನವರಿಯಲ್ಲಿ ಬಿಹಾರ ಪ್ರಾಂತವು ಘೋರವಾದ ಭೂಕಂಪಕ್ಕೆ ತುತ್ತಾಯಿತು. ಉಮಾಬಾಯಿಯವರು ಸ್ವಯಂಸೇವಕರೊಡನೆ ಅಲ್ಲಿಗೆ ಹೋಗಿ, ಮನೆಮಾರುಗಳನ್ನು ಕಳೆದುಕೊಂಡವರ ಶುಶ್ರೂಷೆಯಲ್ಲಿ ಹಗಲಿರುಳು ದುಡಿದರು. ಬಾಬು ರಾಜೇಂದ್ರಪ್ರಸಾದರೇ ಮೊದಲಾದವರ ಪರಿಚಯವು ಆಗ ಅವರಿಗಾಯಿತು. ಸರ್ಕಾರವು ಅಪಾಯಕಾರಿಯೆಂದು ಬಗೆದು ಸೆರೆಯಲ್ಲಿಟ್ಟಿದ್ದ ಸ್ತ್ರೀಯು ಎರಡು ವರುಷಗಳೊಳಗೆ, ತಾನು ಕಂಡರಿಯದ ಊರಿನಲ್ಲಿ, ತನ್ನ ಭಾಷೆಯನ್ನರಿಯದ ಅನಾಥರ ನಡುವೆ ನಿಂತು ಸೇವೆ ಮಾಡುತ್ತಿದ್ದಳು. ಯಾರು ಸಮಾಜಕ್ಕೆ ಅಪಾಯಕಾರಿಯೆಂಬುದನ್ನು ಆ ದೃಶ್ಯವೇ ತೀರ್ಮಾನಿಸಲಿ.

ಶಾಂತವಾಗಿ ಸಭೆ ಸೇರುವ ಅಧಿಕಾರದ ಪ್ರಶ್ನೆಯು ಬ್ರಿಟಿಷರ ನಾಡಿನಲ್ಲಿ ಮಾತ್ರ ಎದ್ದುದಲ್ಲ. ನಮ್ಮ ಮೈಸೂರು ಸಂಸ್ಥಾನದಲ್ಲಿಯೂ ೧೯೩೮ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ರಾಷ್ಟ್ರಧ್ವಜವನ್ನು ಹಾರಿಸಿದ ಮುಖಂಡರು ಸೆರೆಯಾದರು. ಅದೇ ತಿಂಗಳು ೨೫ನೆಯ ತಾರೀಖು ಗೌರೀಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ, ನಿಷೇಧವನ್ನು ಮೀರಿ ಸಭೆ ಸೇರಿದ್ದ ಜನರ ಮೇಲೆ ಪೊಲೀಸಿನವರು ಗುಂಡು ಹಾರಿಸಿದರು. ಸತ್ತವರು ಸರ್ಕಾರದ ಲೆಕ್ಕದಲ್ಲಿ ೧೦ ಜನರು. ೩೦ಕ್ಕೂ ಹೆಚ್ಚು ಜನರೆಂದು ಊರವರು ಹೇಳುತ್ತ ಬಂದಿದ್ದಾರೆ. ಆ ಬಳಿಕ ಸರ್ದಾರ್ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿದರು. ಸಂಸ್ಥಾನದ ಧ್ವಜದೊಡನೆ ರಾಷ್ಟ್ರಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಇಷ್ಟು ಸಣ್ಣ ಅನುಮತಿಯನ್ನು ಮೊದಲೇ ಕೊಟ್ಟಿದ್ದರೆ ಅಷ್ಟು ಮನೆಗಳ ದೀಪವು ಆರುತ್ತಿರಲಿಲ್ಲ.

೧೯೪೨ನೆಯ ಇಸವಿಯ ಚಳವಳಿಯಲ್ಲಿ ಮುಖಂಡರೆಲ್ಲರನ್ನೂ ಒಂದೇ ಸಲಕ್ಕೆ ಸೆರೆಗೆ ಹಾಕಿದುದರಿಂದ ಜನರನ್ನು ಶಾಂತಿಯ ದಾರಿಯಲ್ಲಿ ಹಿಡಿದು ನಿಲ್ಲಿಸುವವರೇ ಇಲ್ಲದಂತಾಯಿತು. ನಮ್ಮ ನೆರೆಯ ಶಿಕಾರಿಪುರದ ಈಸೂರಿನಲ್ಲಿ ಆ ವರುಷ ಸೆಪ್ಟೆಂಬರ್ ತಿಂಗಳಲ್ಲಿ ನಡೆದ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಪ್ರಾಣವನ್ನು ನೀಗಿದರು. ೧೯೪೩ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಆ ಊರಿನ ಐವರು ಗಲ್ಲಿಗೇರಿದರು. ಎರಡು ಕಡೆಯ ತಾಯಂದಿರ ಕಣ್ಣೀರೂ ಒಂದೇ. ಶಾಂತಿಯ ಬಾಗಿಲನ್ನು ಮುಚ್ಚುವ ಆಡಳಿತವು ಅಶಾಂತಿಯ ಬಾಗಿಲನ್ನು ತಾನೇ ತೆರೆಯುವುದೆಂಬ ಪಾಠವನ್ನು ಈ ಸೀಮೆಯ ಜನರು ಪುಸ್ತಕದಿಂದ ಕಲಿಯಬೇಕಾದುದಿಲ್ಲ. ಆ ದಿನಗಳಲ್ಲಿ ಉಮಾಬಾಯಿಯವರ ದೇಹದಲ್ಲಿ ಮೊದಲಿನ ಶಕ್ತಿಯು ಇರಲಿಲ್ಲ. ಆದರೂ ತಲೆಮರೆಸಿಕೊಂಡಿದ್ದ ಕಾರ್ಯಕರ್ತರಿಗೆ ಆಕೆಯ ಮನೆಯಲ್ಲಿ ಊಟವೂ ಹಣದ ನೆರವೂ ದೊರೆಯುತ್ತಿದ್ದುವು. ಅಪಾಯವು ಎಷ್ಟೆಂಬುದನ್ನು ಒಮ್ಮೆ ಎಲ್ಲವನ್ನೂ ಕಳೆದುಕೊಂಡಿದ್ದ ಅವರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

ಅಧಿಕಾರಿಗಳಿಗೆ ಅಧೀನರಾಗಿರುವುದು ಧರ್ಮವಲ್ಲವೇ, ಆಳುವವರ ಮಾತನ್ನು ಮೀರುವುದು ಪಾಪವಲ್ಲವೇ ಎಂದು ದೈವಭೀತಿಯುಳ್ಳ ಕೆಲವರು ಕೇಳುವುದುಂಟು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಕಾಯಿದೆಯಿಲ್ಲದ ದೇಶದಲ್ಲಿ ಬಲಿಷ್ಠನು ಬಡವನನ್ನು ನುಂಗುವನು. ಆದರೆ ಉಮಾಬಾಯಿಯವರಂತಹವರು ಮಾಡಿದುದೇನೆಂಬುದನ್ನು ವಿಚಾರಿಸೋಣ. ಅವರು ಕತ್ತಲೆಯಲ್ಲಿ ಕಾಯಿದೆಯನ್ನು ಕದ್ದು ಮುರಿಯಲಿಲ್ಲ. ಹಗಲಿನಲ್ಲಿ, ಎಲ್ಲರ ಎದುರಿನಲ್ಲಿ, ಅನ್ಯಾಯವಾದ ಆಜ್ಞೆಗೆ ಒಪ್ಪಲಾರೆವೆಂದು ಹೇಳಿ, ಅದಕ್ಕೆ ವಿಧಿಸಿದ ಶಿಕ್ಷೆಯನ್ನು ತಲೆಬಾಗಿ ಅನುಭವಿಸಿದರು. ತಾವು ಕಷ್ಟಪಟ್ಟರೇ ಹೊರತು ಬೇರೊಬ್ಬರನ್ನು ಕಷ್ಟಪಡಿಸಲಿಲ್ಲ. ಅರಸನ ನಿಷೇಧವನ್ನು ಕೇಳಿಯೂ ದಾನಿಯೇಲನು ಕಿಟಕಿಯನ್ನು ತೆರೆದೇ ಪ್ರಾರ್ಥಿಸಿದನು. ಸಿಂಹಗಳ ಗವಿಗೆ ಎಸೆಯುವಾಗ ಕತ್ತಿಯನ್ನೆತ್ತಲಿಲ್ಲ. ನ್ಯಾಯಾಧಿಪತಿಯು ದೇವರಿಗೆ ಹೆದರದೆ ಮನುಷ್ಯರನ್ನು ಲಕ್ಷಿಸದೆ ಇದ್ದರೂ, ವಿಧವೆಯೊಬ್ಬಳು ಬೇಸರಗೊಳ್ಳದೆ ಮತ್ತೆ ಮತ್ತೆ ಅವನ ಮುಂದೆ ಬಂದು ನ್ಯಾಯವನ್ನು ಬೇಡಿದ ಸಾಮ್ಯವನ್ನು ಸುವಾರ್ತೆಯಲ್ಲಿ ಓದುತ್ತೇವೆ. ಆ ವಿಧವೆಯ ಬಳಿ ಆಯುಧವಿರಲಿಲ್ಲ, ಹಣವಿರಲಿಲ್ಲ, ಬಂಧುಬಲವಿರಲಿಲ್ಲ. ಬರುವುದನ್ನು ಬಿಡದ ಎರಡು ಕಾಲುಗಳು ಮಾತ್ರ ಇದ್ದುವು. ಉಮಾಬಾಯಿಯವರು ಹಿಂದೂ ಧರ್ಮದಲ್ಲಿ ಹುಟ್ಟಿ ಬೆಳೆದವರು. ಆದರೆ ಅವರ ಬಾಳನ್ನು ನೋಡಿದಾಗ ನಮ್ಮ ಮನಸ್ಸಿಗೆ ಆ ವಿಧವೆಯ ನೆನಪೇ ಬರುವುದು.

೧೯೪೪ನೆಯ ಇಸವಿ ಫೆಬ್ರವರಿಯಲ್ಲಿ ಪೂಜ್ಯ ಕಸ್ತೂರ್ ಬಾ ಅವರು ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿಯೇ ದೇಹವನ್ನು ಬಿಟ್ಟರು. ಅವರ ಸ್ಮಾರಕವಾಗಿ ಹಳ್ಳಿಗಳ ಸ್ತ್ರೀಯರಿಗೂ ಮಕ್ಕಳಿಗೂ ನೆರವಾಗುವ ಟ್ರಸ್ಟು ಏರ್ಪಟ್ಟಿತು. ೧೯೪೬ನೆಯ ಇಸವಿಯಲ್ಲಿ ಗಾಂಧಿಯವರು ಅದರ ಕರ್ನಾಟಕ ಶಾಖೆಯ ಹೊಣೆಯನ್ನು ಉಮಾಬಾಯಿಯವರಿಗೆ ಒಪ್ಪಿಸಿದರು. ಹಳ್ಳಿಗಳಲ್ಲಿ ಕೆಲಸ ಮಾಡುವ ಗ್ರಾಮಸೇವಿಕೆಯರನ್ನು ತರಬೇತು ಮಾಡುವುದಕ್ಕೆ ಹಣವು ಸಾಲದಾದಾಗ ಅವರು ಮನೆಮನೆಗೆ ಹೋಗಿ ಬೇಡಿದರು. ತಮಗಾಗಿ ಎಂದೂ ಕೈಚಾಚದ ಅವರಿಗೆ ಇತರರಿಗಾಗಿ ಬೇಡುವುದರಲ್ಲಿ ಸಂಕೋಚವು ಇರಲಿಲ್ಲ. ಸರ್ಕಾರವು ಒಂದು ಶಾಲೆಯ ಬಾಗಿಲನ್ನು ಮುಚ್ಚಿಸಿತ್ತು. ಆಕೆಯು ಹಳ್ಳಿಹಳ್ಳಿಗೆ ಶಿಕ್ಷಕಿಯರನ್ನೇ ಕಳುಹುವ ಕೆಲಸಕ್ಕೆ ಕೈಯಿಕ್ಕಿದಳು.

೧೯೪೭ರಲ್ಲಿ ದೇಶವು ಸ್ವತಂತ್ರವಾಯಿತು. ಸೆರೆಗೆ ಹೋಗಿಬಂದ ಅನೇಕರು ಅಧಿಕಾರಪದವಿಗಳಿಗೆ ಬಂದರು. ಅದು ಯೋಗ್ಯವೇ ಆಗಿತ್ತು. ಆದರೆ ಉಮಾಬಾಯಿಯವರು ಯಾವ ಪದವಿಯನ್ನೂ ಬಯಸಲಿಲ್ಲ. ಸ್ವಾತಂತ್ರ್ಯಯೋಧರಿಗೆ ಸರ್ಕಾರವು ಕೊಡುತ್ತಿದ್ದ ಮಾಸಾಶನವನ್ನೂ, ತಾಮ್ರಪತ್ರವನ್ನೂ, ಇತರ ಬಿರುದುಗಳನ್ನೂ ವಿನಯದಿಂದಲೇ ಬೇಡವೆಂದರು. ಮಾವನವರ ಹೆಸರನ್ನು ನೆನಪಿಗೆ ತರುವ ಆನಂದಸ್ಮೃತಿಯೆಂಬ ಹುಬ್ಬಳ್ಳಿಯ ಚಿಕ್ಕ ಮನೆಯಲ್ಲಿ ಅವರ ಮುಪ್ಪಿನ ದಿನಗಳು ಕ್ರಮವಾಗಿ ಕಳೆದುವು. ೧೯೯೨ನೆಯ ಇಸವಿಯಲ್ಲಿ, ನೂರು ವರುಷಗಳ ತುಂಬುಬಾಳಿನ ತರುವಾಯ, ಅವರು ಪರಂಧಾಮವನ್ನೈದಿದರು. ಹುಟ್ಟಿದಾಗ ಪರಾಧೀನವಾಗಿದ್ದ ದೇಶವು ಕಣ್ಣು ಮುಚ್ಚುವಾಗ ಸ್ವತಂತ್ರವಾಗಿದ್ದುದನ್ನು ಕಾಣುವ ಭಾಗ್ಯವು ಅವರದಾಯಿತು.

ಪ್ರಿಯ ಸಹೋದರಿಯರೇ, ಅವರು ಕಷ್ಟಪಟ್ಟು ಗಳಿಸಿದ್ದರಲ್ಲಿ ನಮ್ಮ ಪಾಲೂ ಇದೆ. ೧೯೫೦ನೆಯ ಇಸವಿ ಜನವರಿ ೨೬ರಿಂದ ಜಾರಿಗೆ ಬಂದ ನಮ್ಮ ಸಂವಿಧಾನದ ೧೯ನೆಯ ವಿಧಿಯು, ಆಯುಧಗಳಿಲ್ಲದೆ ಶಾಂತವಾಗಿ ಸಭೆ ಸೇರುವ ಹಕ್ಕನ್ನೂ, ಮಾತನಾಡುವ ಹಕ್ಕನ್ನೂ, ಸಂಘಗಳನ್ನು ಕಟ್ಟುವ ಹಕ್ಕನ್ನೂ ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿದೆ. ನ್ಯಾಯವಾದ ಕಟ್ಟುಪಾಡುಗಳನ್ನು ಮಾತ್ರ ಅದರ ಮೇಲೆ ಹಾಕಬಹುದು. ೧೯೩೨ರಲ್ಲಿ ಅಪರಾಧವಾಗಿದ್ದುದೇ ಈಗ ಹಕ್ಕಾಗಿದೆ. ಆದರೆ ಕಾಗದದ ಮೇಲೆ ಬರೆದ ಮಾತ್ರಕ್ಕೆ ಹಕ್ಕು ಶಾಶ್ವತವಾಗದು. ೧೯೭೫ರ ತುರ್ತುಪರಿಸ್ಥಿತಿಯಲ್ಲಿ ನಮ್ಮದೇ ಆದ ಸ್ವತಂತ್ರ ಸರ್ಕಾರವು ಈ ಹಕ್ಕುಗಳನ್ನು ತಡೆಹಿಡಿದು, ವಿರೋಧಿಗಳನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟುದನ್ನು ನಮ್ಮಲ್ಲಿ ಹಿರಿಯರು ಕಂಡಿದ್ದಾರೆ. ಆಳುವವರು ಪರರಾಗಲಿ ನಮ್ಮವರಾಗಲಿ, ದೂರನ್ನು ದ್ರೋಹವೆಂದು ಬಗೆಯುವ ಆಸೆಯು ಅಧಿಕಾರದ ಸಂಗಡವೇ ಹುಟ್ಟುವುದು. ಈ ಹಕ್ಕನ್ನು ನಮಗಾಗಿ ಮಾತ್ರ ಕೇಳದೆ, ನಮಗೆ ಒಪ್ಪಿಗೆಯಿಲ್ಲದ ಮಾತನ್ನು ಶಾಂತವಾಗಿ ಆಡುವವರಿಗೂ ಇರಲೆಂದು ಬಯಸಿದಾಗಲೇ ನಾವು ಅದಕ್ಕೆ ಅರ್ಹರಾಗುವೆವು.

ತಂದೆತಾಯಂದಿರಲ್ಲಿಯೂ ಒಂದು ಬಿನ್ನಹ. ಆನಂದರಾಯರಂತಹ ಮಾವನು ಇಲ್ಲದಿದ್ದರೆ ಉಮಾಬಾಯಿಯಂತಹ ಸೊಸೆಯು ನಾಡಿಗೆ ಕಾಣಸಿಗುತ್ತಿರಲಿಲ್ಲ. ಮಗಳು ಅಥವಾ ಸೊಸೆಯು ಮನೆಯಲ್ಲಿ ವಿನಯದಿಂದ ಒಂದು ಅನ್ಯಾಯವನ್ನು ಎತ್ತಿ ಹೇಳಿದಾಗ ಆಕೆಯ ಬಾಯನ್ನು ಮುಚ್ಚಿಸದಿರಿ. ಮನೆಯಲ್ಲಿ ಸತ್ಯವನ್ನು ಶಾಂತವಾಗಿ ಹೇಳಲು ಕಲಿತವಳೇ ಊರಿನಲ್ಲಿಯೂ ಅದನ್ನು ಹೇಳಬಲ್ಲಳು. ಮನೆಯಲ್ಲಿ ಗದರಿಕೆಗೆ ಅಡಗಿದವಳು ಎಲ್ಲಿಯೂ ಹೇಳಲಾರಳು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ನಮ್ಮ ಬಾಲಿಕೆಯರು ಪ್ರತಿ ಮುಂಜಾನೆ ಶಾಲೆಯ ತೆರೆದ ಬಾಗಿಲನ್ನು ದಾಟಿ ಒಳಗೆ ಹೋಗುವಾಗ, ಒಂದು ಕಾಲದಲ್ಲಿ ಅಂತಹುದೇ ಒಂದು ಬಾಗಿಲಿನ ಮೇಲೆ ಬಿದ್ದಿದ್ದ ಮೊಹರನ್ನೂ, ಅದರ ಎದುರು ಬರಿಗೈಯಲ್ಲಿ ನಿಂತು ಕುಗ್ಗದ ತಾಯಿಯನ್ನೂ ನೆನೆಯಲಿ. ಶಾಂತಿಯನ್ನು ಬಿಡದೆ ಸತ್ಯವನ್ನು ಹೇಳುವ ಧೈರ್ಯವನ್ನೂ, ಹೇಳುವವರನ್ನು ಕಾಪಾಡುವ ಪ್ರೀತಿಯನ್ನೂ ದಯಾಮಯನಾದ ದೇವರು ನಮ್ಮ ಮಕ್ಕಳಿಗೆಲ್ಲ ಅನುಗ್ರಹಿಸಲೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇವೆ.